ಪದ ಪರಿಚಯ: ಪರ್ಫ್ಯೂಮರ್

ಸುಗಂಧದ್ರವ್ಯದ ಸೂತ್ರವನ್ನು ರಚಿಸುವವರಿಗೆ ಇಂದಿನ ಉದ್ಯಮದಲ್ಲಿ ಪರ್ಫ್ಯೂಮರ್ ಎಂದು ಹೆಸರು. ಕನ್ನಡದಲ್ಲಿ ಸುಗಂಧ ಸಂಯೋಜಕ ಎನ್ನಬಹುದು. ಹೂವಿನಿಂದ ಎಣ್ಣೆ ತೆಗೆಯುವವರು, ಸೀಸೆಗೆ ತುಂಬುವವರು, ಅಂಗಡಿಯಲ್ಲಿ ಮಾರುವವರು ಇದೇ ವ್ಯವಹಾರದಲ್ಲಿದ್ದರೂ ಈ ಪದ ಅವರಿಗೆ ಸಲ್ಲುವುದಿಲ್ಲ. ಯಾವ ಯಾವ ಘಟಕ ಎಷ್ಟೆಷ್ಟು ಸೇರಬೇಕೆಂದು ನಿರ್ಧರಿಸಿ, ಸಾಮಾನ್ಯವಾಗಿ ಸಾವಿರ ಭಾಗಗಳ ಲೆಕ್ಕದಲ್ಲಿ ಅದನ್ನು ಬರೆದಿಡುವುದು ಪರ್ಫ್ಯೂಮರ್‌ನ ಕೆಲಸ.

ಹುಟ್ಟಿನಿಂದಲೇ ಅಸಾಧಾರಣ ಮೂಗು ಇರುವವರಿಗೆ ಮಾತ್ರ ಈ ವೃತ್ತಿ ಒಲಿಯುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ತರಬೇತಿಯ ಕ್ರಮವನ್ನು ನೋಡಿದರೆ, ಮೂಗಿನ ಚುರುಕಿಗಿಂತ ನೆನಪಿನ ಶಕ್ತಿಗೇ ಅಲ್ಲಿ ಹೆಚ್ಚಿನ ಬೆಲೆ ಎಂಬುದು ಸ್ಪಷ್ಟವಾಗುತ್ತದೆ. ದಕ್ಷಿಣ ಫ್ರಾನ್ಸಿನ ಗ್ರಾಸ್ ಪಟ್ಟಣದಲ್ಲಿ 1946ರಲ್ಲಿ ಸುಗಂಧ ಶಾಲೆಯೊಂದನ್ನು ಆರಂಭಿಸಿದ ಜ್ಯಾಂ ಕಾರ್ಲ್ ರೂಪಿಸಿದ ಪಾಠಕ್ರಮದಲ್ಲಿ, ವಿದ್ಯಾರ್ಥಿಯು ಮೊದಲು ಪರಸ್ಪರ ದೂರದ ವಾಸನೆಗಳನ್ನು, ಅಂದರೆ ನಿಂಬೆ, ಲವಂಗ, ಶ್ರೀಗಂಧದಂಥವನ್ನು ಅಕ್ಕಪಕ್ಕ ಇಟ್ಟು ಗುರುತಿಸಲು ಕಲಿಯುತ್ತಾನೆ. ಅದು ಗಟ್ಟಿಯಾದ ಮೇಲೆ ನಿಂಬೆ ಮತ್ತು ಬರ್ಗಮಾಟ್‌ನಂತಹ ಒಂದೇ ಕುಟುಂಬದ ವಾಸನೆಗಳ ನಡುವಿನ ಸೂಕ್ಷ್ಮ ವ್ಯತ್ಯಾಸಕ್ಕೆ ಬರುತ್ತಾನೆ. ಹೀಗೆ ನೂರಾರು ದ್ರವ್ಯಗಳು ನೆನಪಿನಲ್ಲಿ ನೆಲೆಗೊಳ್ಳಲು ವರ್ಷಗಳೇ ಹಿಡಿಯುತ್ತವೆ.

ರಸಾಯನಶಾಸ್ತ್ರದ ಜ್ಞಾನ ಇಲ್ಲಿ ಏಕೆ ಅನಿವಾರ್ಯ ಎಂಬುದು ಒಂದು ಕಾಗದದ ಪಟ್ಟಿಯಿಂದ ತಿಳಿಯುತ್ತದೆ. ಬ್ಲಾಟರ್ ಎಂದು ಕರೆಯುವ ಈ ಕಿರಿದಾದ ಪಟ್ಟಿಯ ತುದಿಯನ್ನು ಮಿಶ್ರಣದಲ್ಲಿ ಅದ್ದಿ ಮೂಸಿದಾಗ ಮೊದಲು ಬರುವುದು ಕಿತ್ತಳೆ, ನಿಂಬೆಗಳ ಘಮ. ಅವುಗಳಲ್ಲಿರುವ ಲಿಮೊನೀನ್‌ನಂತಹ ಹಗುರ ಅಣುಗಳು ಬೇಗ ಆವಿಯಾಗಿ ಹೋಗುತ್ತವೆ. ಕೆಲಹೊತ್ತಿನ ಬಳಿಕ ಹೂವಿನ ಭಾಗ ಮುಂದೆ ಬರುತ್ತದೆ. ಮರುದಿನ ಅದೇ ಪಟ್ಟಿಯನ್ನು ಮೂಸಿದರೆ ಶ್ರೀಗಂಧ, ಕಸ್ತೂರಿಯಂತಹ ವಾಸನೆಗಳು ಉಳಿದಿರುತ್ತವೆ. ಮೈಸೂರಿನ ಶ್ರೀಗಂಧದೆಣ್ಣೆಗೆ ಐರೋಪ್ಯ ಸುಗಂಧಗಳಲ್ಲಿ ದೊರೆತ ಗೌರವಕ್ಕೆ ಅದರ ಮೃದುವಾದ ಪರಿಮಳವಷ್ಟೇ ಕಾರಣವಲ್ಲ. ಅದರ ಸ್ಯಾಂಟಲಾಲ್ ಅಣುಗಳು ನಿಧಾನವಾಗಿ ಆವಿಯಾಗಿ, ಮಿಶ್ರಣಕ್ಕೆ ದೀರ್ಘಕಾಲದ ತಳಹದಿ ಒದಗಿಸುತ್ತವೆ. ಈ ಮೂರು ಘಟ್ಟಗಳಲ್ಲಿ ಒಂದು ಇನ್ನೊಂದಕ್ಕೆ ಎಲ್ಲಿಯೂ ಕಡಿಯದಂತೆ ಜಾಗ ಬಿಟ್ಟುಕೊಡುವ ಹಾಗೆ ಪ್ರಮಾಣಗಳನ್ನು ಹೊಂದಿಸಬೇಕಾಗುತ್ತದೆ. ಆವಿಯಾಗುವ ವೇಗವನ್ನು ಪುಸ್ತಕದಲ್ಲಿ ನೋಡಿ ತಿಳಿಯಬಹುದು, ಆದರೆ ಎಲ್ಲಿ ಯಾವುದು ಇಣುಕಬೇಕು ಎಂಬ ತೀರ್ಮಾನ ಪುಸ್ತಕದಲ್ಲಿ ಸಿಗುವುದಿಲ್ಲ.

ಪ್ರಮಾಣದ ಲೆಕ್ಕಾಚಾರ ನಮಗೆ ಹೊಸದೇನಲ್ಲ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ಗಂಧಯುಕ್ತಿ ಎಂಬ ಅಧ್ಯಾಯದಲ್ಲಿ ಹದಿನಾರು ದ್ರವ್ಯಗಳಿಂದ ನಾಲ್ಕು ನಾಲ್ಕನ್ನು ಆರಿಸಿದರೆ 1820 ಸಂಯೋಜನೆಗಳಾಗುತ್ತವೆ ಎಂದು ಲೆಕ್ಕ ಹಾಕಿದ್ದಾನೆ. ಅಷ್ಟೂ ಮಿಶ್ರಣಗಳಲ್ಲಿ ಸವಿಯುವಂಥವು ಯಾವುವು ಎಂಬುದನ್ನು ಮೂಗೇ ಹೇಳಬೇಕು.

ವಿಜ್ಞಾನ ಮತ್ತು ಕಲ್ಪನೆ ಎರಡೂ ಹೇಗೆ ಒಂದೇ ಕೆಲಸವಾಗುತ್ತವೆ ಎಂಬುದಕ್ಕೆ ಲಿಲಿ ಆಫ್ ದ ವ್ಯಾಲಿ ಹೂವು ಒಳ್ಳೆಯ ಉದಾಹರಣೆ. ಫ್ರೆಂಚರು ಮೇ 1ರಂದು ಒಬ್ಬರಿಗೊಬ್ಬರು ಕೊಡುವ, ಗಂಟೆಯ ಆಕಾರದ ಈ ಪುಟ್ಟ ಬಿಳಿ ಹೂವಿನಿಂದ ಬಳಕೆಗೆ ಬರುವಷ್ಟು ಎಣ್ಣೆ ದೊರೆಯುವುದಿಲ್ಲ. ಆದ್ದರಿಂದ ಸೀಸೆಯಲ್ಲಿ ಸಿಗುವ ಇದರ ಪರಿಮಳವೆಲ್ಲ ಬೇರೆ ದ್ರವ್ಯಗಳಿಂದ ಕಟ್ಟಿದ್ದು. ಪ್ರಯೋಗಾಲಯದಲ್ಲಿ ತಯಾರಾದ ಹೈಡ್ರಾಕ್ಸಿಸಿಟ್ರೊನೆಲಾಲ್ 20ನೇ ಶತಮಾನದ ಆರಂಭದಲ್ಲಿ ಕೈಗೆ ಬಂದ ಮೇಲೆ ಈ ಕಟ್ಟುವಿಕೆಗೆ ಬಲ ಬಂತು. ಫ್ರೆಂಚ್ ಪರ್ಫ್ಯೂಮರ್ ಎಡ್ಮಂಡ್ ರೂದ್ನಿತ್ಸ್ಕಾ ಗ್ರಾಸ್ ಬಳಿಯ ಕಾಬ್ರಿಯಲ್ಲಿದ್ದ ತಮ್ಮ ತೋಟದಲ್ಲಿ ಈ ಗಿಡವನ್ನೇ ಬೆಳೆಸಿ, ಹೂವನ್ನು ಹತ್ತಿರದಿಂದ ಅಭ್ಯಾಸ ಮಾಡಿ, 1956ರಲ್ಲಿ ದಿಯೋರ್ ಸಂಸ್ಥೆಗಾಗಿ ದಿಯೋರಿಸ್ಸಿಮೊ ಎಂಬ ಸುಗಂಧವನ್ನು ರಚಿಸಿದರು. ಹೂವಿನ ಒಂದು ಹನಿ ಸಾರವೂ ಇಲ್ಲದೆ ಹೂವನ್ನು ನೆನಪಿಸುವ ಈ ಕೃತಿಯನ್ನು ನಕಲು ಎನ್ನುವುದಕ್ಕಿಂತ ಚಿತ್ರಣ ಎನ್ನುವುದು ಹೆಚ್ಚು ಸರಿ.

ಚಿತ್ರಣದಲ್ಲಿ ಕೆಲವೊಮ್ಮೆ ಅಸಹ್ಯವೆನಿಸುವ ದ್ರವ್ಯಕ್ಕೂ ಸ್ಥಾನವಿದೆ. ನಮ್ಮ ಮಲ್ಲಿಗೆಯಲ್ಲಿ ಇಂಡೋಲ್ ಎಂಬ ಅಣು ಸಹಜವಾಗಿಯೇ ಇದೆ. ಗಾಢವಾಗಿದ್ದಾಗ ಅದು ನುಸಿಗುಳಿಗೆಯನ್ನೂ ಮಲವನ್ನೂ ನೆನಪಿಸುತ್ತದೆ. ಅದನ್ನು ಪೂರ್ತಿ ಬಿಟ್ಟು ಮಲ್ಲಿಗೆಯ ಮಿಶ್ರಣ ಮಾಡಿದರೆ ಸೋಪಿನಂತಹ ಸಪ್ಪೆ ಪರಿಮಳ ಬರುತ್ತದೆ. ಅತ್ಯಲ್ಪ ಪ್ರಮಾಣದಲ್ಲಿ ಬೆರೆಸಿದಾಗ ಸಂಜೆ ಅರಳಿದ ಹೂವಿನ ಕಾವು ಬರುತ್ತದೆ. ಗ್ಯಾಸ್ ಕ್ರೊಮಟೋಗ್ರಫಿ ಯಂತ್ರ ಯಾವುದೇ ಸುಗಂಧದ ಮುಖ್ಯ ಘಟಕಗಳನ್ನು ಬಿಡಿಸಿ ಪಟ್ಟಿ ಕೊಡಬಲ್ಲದು. ಇಂಡೋಲ್ ಇದೆ ಎಂದೂ ಅದು ಹೇಳೀತು, ಆದರೆ ಅಷ್ಟೇ ಇರಲಿ ಎಂದು ರಚಿಸಿದವರು ಏಕೆ ನಿರ್ಧರಿಸಿದರು ಎಂಬುದು ಆ ಪಟ್ಟಿಯಲ್ಲಿರುವುದಿಲ್ಲ.

ಸೂತ್ರ ಒಮ್ಮೆ ಸಿದ್ಧವಾದ ಮಾತ್ರಕ್ಕೆ ಕೆಲಸ ಮುಗಿಯಿತೆಂದಲ್ಲ. ಲಿಲಿ ಆಫ್ ದ ವ್ಯಾಲಿಯ ಪರಿಮಳಕ್ಕೆ ದಶಕಗಳ ಕಾಲ ಬಳಕೆಯಲ್ಲಿದ್ದ ಲಿಲಿಯಲ್ ಎಂಬ ದ್ರವ್ಯವನ್ನು ಸಂತಾನಶಕ್ತಿಗೆ ಹಾನಿಕರವೆಂದು ವರ್ಗೀಕರಿಸಿದ ಐರೋಪ್ಯ ಒಕ್ಕೂಟ, 2022ರ ಮಾರ್ಚ್ 1ರಿಂದ ಸೌಂದರ್ಯವರ್ಧಕಗಳಲ್ಲಿ ಅದನ್ನು ನಿಷೇಧಿಸಿತು. ಹೈಡ್ರಾಕ್ಸಿಸಿಟ್ರೊನೆಲಾಲ್ ಬಳಕೆಗೂ ಚರ್ಮದ ಅಲರ್ಜಿಯ ಕಾರಣದಿಂದ ಮಿತಿಗಳಿವೆ. ಹೀಗಾದಾಗ, ಕೊಳ್ಳುವವರಿಗೆ ವ್ಯತ್ಯಾಸ ತಿಳಿಯದಂತೆ, ಬೇರೆ ಅಣುಗಳಿಂದ ಅದೇ ಹೂವನ್ನು ಮತ್ತೆ ಕಟ್ಟುವ ಹೊಣೆ ಪರ್ಫ್ಯೂಮರ್‌ನ ಮೇಲೆ ಬೀಳುತ್ತದೆ.