ಎರಡು ಬ್ಯಾಟರಿಗಳಿಂದ ಹುಟ್ಟಿದ ಅಳತೆ: ಟ್ಯಾಂಕ್ ಮಾಡೆಲ್ ಕಂಪನಿಗಳ ಅರವತ್ತು ವರ್ಷ

ಟ್ಯಾಂಕ್ ಮಾಡೆಲ್ ಕಟ್ಟುವ ಇಬ್ಬರು ಸೇರಿದರೆ ಮಾತು ಬೇಗನೆ ಕಂಪನಿಗಳತ್ತ ತಿರುಗುತ್ತದೆ. ತಮಿಯಾ ವಾಸಿಯೋ, ಡ್ರ್ಯಾಗನ್ ವಾಸಿಯೋ? ಟ್ರಂಪೀಟರ್ ಕಿಟ್ (ಅಂಟಿಸಿ ಕಟ್ಟುವ ಬಿಡಿಭಾಗಗಳ ಡಬ್ಬಿ) ತಗೊಳ್ಳಬಹುದೋ ಬೇಡವೋ? ಒಂದೊಂದು ಕಂಪನಿಯೂ ಯಾವ ಕಾಲದಲ್ಲಿ ಯಾವ ತೊಂದರೆಯನ್ನು ಬಗೆಹರಿಸಲು ಹೊರಟಿತ್ತು ಎಂದು ತಿಳಿಯದೆ ಈ ಪ್ರಶ್ನೆಗೆ ನೆಟ್ಟಗೆ ಉತ್ತರ ಹೇಳಲಾಗದು. ಇವತ್ತಿನ ಕಿಟ್‌ಗಳ ಗುಣದೋಷಗಳ ಬೇರು ಆ ಹಳೆಯ ತೀರ್ಮಾನಗಳಲ್ಲೇ ಇದೆ.

ಅಳತೆಯನ್ನೇ ನೋಡಿ. ಮಿಲಿಟರಿ ವಾಹನಗಳ ಮಾಡೆಲ್ ಎಂದರೆ ಜಗತ್ತಿನೆಲ್ಲೆಡೆ 1/35, ಅಂದರೆ ನಿಜವಾದ ವಾಹನದ ಮೂವತ್ತೈದನೇ ಒಂದು ಪಾಲು. ಇಂಚು, ಅಡಿಗಳ ಲೆಕ್ಕಕ್ಕಾಗಲೀ ಮೆಟ್ರಿಕ್ ಲೆಕ್ಕಕ್ಕಾಗಲೀ ಸುಲಭವಾಗಿ ಹೊಂದದ ಈ ಸಂಖ್ಯೆ ಬಂದದ್ದು ಜಪಾನಿನ ಶಿಝುಓಕಾ ನಗರದಿಂದ. ಅಲ್ಲಿ 1946ರಲ್ಲಿ ಯೋಶಿಯೋ ತಮಿಯಾ ಮರ ಕೊಯ್ಯುವ ವ್ಯಾಪಾರ ಶುರು ಮಾಡಿದರು. ಅದರ ಜೊತೆಗೆ ಮರದ ಮಾಡೆಲ್ ಕಿಟ್‌ಗಳೂ ಬಂದವು. 1951ರಲ್ಲಿ ಬೆಂಕಿ ಬಿದ್ದು ದೊಡ್ಡ ನಷ್ಟವಾಯಿತು. ಕೆಲವೇ ವರ್ಷಗಳಲ್ಲಿ ಕಂಪನಿ ಮರದ ವ್ಯಾಪಾರ ಬಿಟ್ಟು ಮಾಡೆಲ್‌ಗಳನ್ನೇ ನೆಚ್ಚಿಕೊಂಡಿತು. ಅಷ್ಟರಲ್ಲಿ ಹೊರದೇಶದ ಪ್ಲಾಸ್ಟಿಕ್ ಕಿಟ್‌ಗಳು ಬಂದು ಮರದ ಮಾಡೆಲ್‌ಗಳನ್ನು ಕೇಳುವವರೇ ಕಡಿಮೆಯಾದರು. 1960ರಲ್ಲಿ ತಮಿಯಾದ ಮೊದಲ ಪ್ಲಾಸ್ಟಿಕ್ ಕಿಟ್, ಯಮಾಟೊ ಯುದ್ಧನೌಕೆ, ಹೊರಬಂತು. ಪೈಪೋಟಿಯ ಕಂಪನಿಯೊಂದು ಅದೇ ಹಡಗನ್ನು ಅಗ್ಗಕ್ಕೆ ಇಳಿಸಿದ್ದರಿಂದ ತಮಿಯಾ ಕೈಸುಟ್ಟುಕೊಂಡಿತು.

ಆಮೇಲೆ ಬಂದದ್ದು ಜರ್ಮನಿಯ ಪ್ಯಾಂಥರ್ ಟ್ಯಾಂಕ್. ಮಕ್ಕಳು ಓಡಿಸಿ ಆಡಲೆಂದು ಅದರೊಳಗೆ ಮೋಟಾರ್ ಇಟ್ಟರು. ಎರಡು ಬ್ಯಾಟರಿಗಳು ಹಿಡಿಸುವಷ್ಟು ದೇಹದ ಗಾತ್ರ ಇಟ್ಟರು. ಡಬ್ಬಿಯ ಮೇಲಿನ ಚಿತ್ರ ಶಿಗೆರು ಕೊಮಾತ್ಸುಝಾಕಿ ಅವರದು. ಮಾರಾಟ ಜೋರಾಯಿತು. ಅದೇ ಅಳತೆಯಲ್ಲಿ ಇನ್ನಷ್ಟು ಟ್ಯಾಂಕ್ ಮಾಡೋಣವೆಂದು ಯೋಶಿಯೋ ಅವರ ಮಗ ಶುನ್ಸಾಕು ಲೆಕ್ಕ ಹಾಕಿ ನೋಡಿದರೆ ಅದು ಸುಮಾರು 1/35 ಆಗಿತ್ತು. ಮುಂದೆ ಡ್ರ್ಯಾಗನ್, ಇಟಲೆರಿ, ಟ್ರಂಪೀಟರ್ ಎಲ್ಲವೂ ಪಾಲಿಸಿದ್ದು ಬ್ಯಾಟರಿಗಳು ನಿರ್ಧರಿಸಿದ ಈ ಅಳತೆಯನ್ನೇ.

ಇಂಗ್ಲೆಂಡಿನ ಏರ್‌ಫಿಕ್ಸ್ ಬೇರೆ ದಾರಿ ಹಿಡಿಯಿತು. ಅದೂ 1961ರಲ್ಲಿ ಟ್ಯಾಂಕ್‌ಗಳನ್ನು ತಂದಿತು, ಆದರೆ ಆಟಿಕೆ ರೈಲುಗಳ ಪಕ್ಕ ಇಡಲಾಗುವ 1/76 ಅಳತೆಯಲ್ಲಿ. ಹುಡುಗರ ಜೇಬಿಗೆ ಎಟುಕುವ ಬೆಲೆಯೇ ಅದರ ಬಲ. 2006ರಲ್ಲಿ ಹಾರ್ನ್‌ಬಿ ಕಂಪನಿ ಏರ್‌ಫಿಕ್ಸನ್ನು ಕೊಂಡಿತು. ಆಮೇಲಿನ ಅನೇಕ ಏರ್‌ಫಿಕ್ಸ್ ಡಬ್ಬಿಗಳ ಮೇಲೆ ‘ಮೇಡ್ ಇನ್ ಇಂಡಿಯಾ’ ಎಂದಿದೆ. ನಮ್ಮಲ್ಲಿ ಅಚ್ಚಾದ ಕಿಟ್ ಇಂಗ್ಲೆಂಡಿನ ಹೆಸರಲ್ಲಿ ಲೋಕ ಸುತ್ತುತ್ತಿದೆ. ನಮ್ಮದೇ ಹೆಸರಿನ ಕಂಪನಿಯೊಂದು ಆ ಮಟ್ಟಕ್ಕೆ ಬೆಳೆಯಲಿಲ್ಲವಲ್ಲ ಎಂದು ಬೇಸರವಾಗುತ್ತದೆ.

ತಮಿಯಾ ಆಟಿಕೆಯಿಂದ ಮಾಡೆಲ್ ಕಡೆಗೆ ಸರಿದದ್ದು ನಿಧಾನವಾಗಿ. ಶುನ್ಸಾಕು ಅಮೆರಿಕದ ಅಬರ್ಡೀನ್‌ನಲ್ಲಿದ್ದ ಸೈನ್ಯದ ವಸ್ತುಸಂಗ್ರಹಾಲಯಕ್ಕೆ ಹೋಗಿ ಟ್ಯಾಂಕ್‌ಗಳ ಮೂಲೆಮೂಲೆಯ ಫೋಟೊ ತೆಗೆದು ತಂದರು. 1968ರಲ್ಲಿ ಸೈನಿಕರ ಗೊಂಬೆಗಳಿಂದ ‘ಮಿಲಿಟರಿ ಮಿನಿಯೇಚರ್’ ಸರಣಿ ಆರಂಭವಾಯಿತು. ಮೋಟಾರ್ ಬಿಟ್ಟರೂ ಅದರ ಗುರುತು ಉಳಿಯಿತು. 70ರ ದಶಕದ ಟಿ-34 (ಸೋವಿಯತ್ ಟ್ಯಾಂಕ್) ಕಿಟ್‌ನ ತಳಭಾಗ ತಿರುಗಿಸಿ ನೋಡಿದರೆ ಮೋಟಾರಿಗೆಂದು ಬಿಟ್ಟ ತೂತುಗಳು ಕಾಣುತ್ತವೆ. ಪುಟ್ಟಿ ತುಂಬಿ ಮುಚ್ಚಬೇಕು. ಹಳೆಯ ಕಿಟ್‌ಗೂ ಹೊಸ ಕಿಟ್‌ಗೂ ಒಂದೇ ಕಂಪನಿಯ ಮುದ್ರೆ ಇರುವುದರಿಂದ ಹೊಸಬರು ಮೋಸ ಹೋಗುತ್ತಾರೆ. ಕಂಪನಿಯ ಹೆಸರಿಗಿಂತ ಅಚ್ಚು ಕೊರೆದ ವರ್ಷ ಮುಖ್ಯ.

1962ರಲ್ಲಿ ಇಟಲಿಯ ಬೊಲೊನ್ಯಾದಲ್ಲಿ ಶುರುವಾದ ಇಟಲೆರಿ, 1969ರ ಕೊರಿಯಾದ ಅಕಾಡೆಮಿ, ಇವೆರಡರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೇರೆಯವರು ಮುಟ್ಟದ ವಾಹನಗಳನ್ನು ಇಟಲೆರಿ ತಂದಿತು, ಕಡಿಮೆ ದುಡ್ಡಿಗೆ ದೊಡ್ಡ ಡಬ್ಬಿಯನ್ನು ಅಕಾಡೆಮಿ ಕೊಟ್ಟಿತು.

ಲೆಕ್ಕಾಚಾರ ತಲೆಕೆಳಗು ಮಾಡಿದ್ದು 1987ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಹುಟ್ಟಿದ ಡ್ರ್ಯಾಗನ್. ಕಿಟ್‌ನ ಅಚ್ಚು ಎಂದರೆ ಉಕ್ಕಿನ ಎರಡು ಹೋಳುಗಳು. ಅವು ಎದುರುಬದುರು ಕೂಡುತ್ತವೆ, ಕರಗಿದ ಪ್ಲಾಸ್ಟಿಕ್ ಒಳನುಗ್ಗುತ್ತದೆ, ತಣಿದ ಮೇಲೆ ಹೋಳುಗಳು ಬಿಡುತ್ತವೆ. ಆ ಎರಡು ದಿಕ್ಕಿಗೆ ಅಡ್ಡವಾಗಿರುವ ತೂತು ಅದರಲ್ಲಿ ಬರುವುದಿಲ್ಲ. ಹಾಗಾಗಿಯೇ ಹಳೆಯ ಕಿಟ್‌ಗಳಲ್ಲಿ ಫಿರಂಗಿಯ ನಳಿಕೆ ಉದ್ದಕ್ಕೆ ಸೀಳಿದ ಎರಡು ಭಾಗವಾಗಿರುತ್ತದೆ, ಅಂಟಿಸಿದ ಮೇಲೆ ಗೆರೆ ಉಜ್ಜಿ ತೆಗೆಯಬೇಕು. ಮೆಷಿನ್ ಗನ್ನಿನ ತುದಿ ಮುಚ್ಚಿರುತ್ತದೆ. ಮೂರನೆಯ ದಿಕ್ಕಿನಿಂದ ಜಾರಿ ಬರುವ ಉಕ್ಕಿನ ತುಂಡು, ಅಂದರೆ ಸ್ಲೈಡ್ ಮೋಲ್ಡ್, ಈ ತೊಡಕನ್ನು ಕಳೆಯಿತು. ಅದನ್ನು ಡ್ರ್ಯಾಗನ್ ಧಾರಾಳವಾಗಿ ಬಳಸಿತು. ಬಾಯಿ ತೆರೆದ ಇಡೀ ನಳಿಕೆ, ಸೂಜಿಯ ಕಣ್ಣಿನಂಥ ತೂತಿರುವ ಮೆಷಿನ್ ಗನ್ ಡಬ್ಬಿಯೊಳಗೇ ಬಂದವು.

ಅದಕ್ಕೆ ಬೆಲೆಯೂ ತೆರಬೇಕಾಯಿತು. ಒಂದೇ ಅಚ್ಚನ್ನು ಹಲವು ಮಾದರಿಗಳಿಗೆ ಹಂಚಿಕೊಂಡಿದ್ದರಿಂದ ಡಬ್ಬಿಯ ತುಂಬ ಬೇಡದ ಭಾಗಗಳು. ಸೂಚನಾ ಹಾಳೆಯಲ್ಲಿ ಒಂದರ ಮೇಲೊಂದು ಬಾಣದ ಗುರುತು. ತಮಿಯಾ ಇಲ್ಲಿ ಜಾಣತನ ತೋರಿತು: ಭಾಗಗಳನ್ನು ಕಡಿಮೆ ಇಟ್ಟು, ಇಟ್ಟವು ಒತ್ತಿದರೆ ಕೂರುವಂತೆ ಮಾಡಿತು.

ಟ್ರ್ಯಾಕ್ ಎಂಬ ಚೈನುಪಟ್ಟಿಯಲ್ಲಿ ಈ ಭೇದ ಸ್ಪಷ್ಟವಾಗಿ ಕಾಣುತ್ತದೆ. ಹಳೆಯ ತಮಿಯಾ ಕಿಟ್‌ನದು ರಬ್ಬರಿನಂಥ ಒಂದೇ ಪಟ್ಟಿ. ತುದಿ ಕೂಡಿಸಿ ಚಕ್ರಕ್ಕೆ ಹಾಕಿದರೆ ಮುಗಿಯಿತು. ಆದರೆ ನಿಜವಾದ ಭಾರದ ಟ್ರ್ಯಾಕ್ ಮೇಲ್ಚಕ್ರಗಳ ನಡುವೆ ಜೋಲುತ್ತದೆ, ಇದು ಬಿಗಿದು ನಿಲ್ಲುತ್ತದೆ. ಬಿಡಿಬಿಡಿ ಕೊಂಡಿಗಳಾದರೆ ಜೋಲು ಸರಿಯಾಗಿ ಬರುತ್ತದೆ, ಆದರೆ ಒಂದೊಂದನ್ನೂ ಕತ್ತರಿಸಿ, ಉಜ್ಜಿ, ಅಂಟಿಸುವಷ್ಟರಲ್ಲಿ ಭಾನುವಾರಗಳು ಕಳೆದುಹೋಗುತ್ತವೆ. ಮೇಲೆ ಕೆಳಗೆ ಉದ್ದ ತುಂಡು, ತಿರುವಿನಲ್ಲಿ ಮಾತ್ರ ಬಿಡಿಕೊಂಡಿ ಎಂಬ ನಡುದಾರಿಯೇ ನನಗೆ ಇಷ್ಟ.

ಚೀನಾದ ಟ್ರಂಪೀಟರ್ ಆಮೇಲೆ ಯಾರೂ ಕೈಹಾಕದ ವಾಹನಗಳನ್ನೆಲ್ಲ ಸಾಲಾಗಿ ತಂದಿತು. ಮೆಂಗ್ 2011ರಲ್ಲಿ ಹಿಂಬದಿಗೆ ವಿಮಾನ ನಿರೋಧಕ ಗನ್ ಕಟ್ಟಿದ ಪಿಕಪ್ ಗಾಡಿಯೊಂದಿಗೆ ಕಾಲಿಟ್ಟಿತು. 2013ರಲ್ಲಿ ಟಾಕೋಮ್, ಆಮೇಲೆ ರೈ ಫೀಲ್ಡ್. ಈಗಿನ ಪೈಪೋಟಿ ಟ್ಯಾಂಕಿನ ಒಳಭಾಗದ್ದು: ಎಂಜಿನ್, ಸೀಟು, ಗುಂಡುಗಳ ಸಾಲು. ಉಕ್ರೇನಿನ ಮಿನಿಆರ್ಟ್‌ನ ಒಳಾಂಗಣವಿರುವ ಟಿ-54ರಲ್ಲಿ ಭಾಗಗಳು ಸಾವಿರ ದಾಟುತ್ತವೆ. ಇದು ತೀರಾ ಹೊಸ ಯೋಚನೆಯಲ್ಲ, 70ರ ದಶಕದಲ್ಲೇ ಜಪಾನಿನ ಬಂದಾಯ್ ಕಂಪನಿ 1/48ರಲ್ಲಿ ಒಳಾಂಗಣ ಕೊಟ್ಟಿತ್ತು. ಕೀವ್‌ನ ಮಿನಿಆರ್ಟ್ ಮತ್ತು ಐಸಿಎಂ 2022ರ ನಂತರವೂ, ರಷ್ಯಾದ ಕ್ಷಿಪಣಿ ದಾಳಿಗಳ ನಡುವೆಯೇ, ಹೊಸ ಕಿಟ್ ತರುತ್ತಿವೆ. ರಷ್ಯಾದ ಜ್ವೆಜ್ದಾ ಕಿಟ್‌ಗಳನ್ನು ಯುರೋಪಿನ ಹಲವು ಅಂಗಡಿಗಳು ಕೈಬಿಟ್ಟವು. ಚೆಂದದ, ಅಗ್ಗದ ಕಿಟ್‌ಗಳು ಅವು. ಆದರೂ ಆ ನಿರ್ಧಾರ ನನಗೆ ಅರ್ಥವಾಗುತ್ತದೆ.

ಹಾಗಾದರೆ ಯಾವುದನ್ನು ಕೊಳ್ಳುವುದು? ನಮಗೆ ಹತ್ತಿರದ ಕಥೆಯೊಂದನ್ನು ತಗೊಳ್ಳೋಣ: 1965ರ ಸೆಪ್ಟೆಂಬರ್, ಪಂಜಾಬಿನ ಅಸಲ್ ಉತ್ತರ್. ಪಾಕಿಸ್ತಾನದ ಪ್ಯಾಟನ್ ಟ್ಯಾಂಕ್‌ಗಳನ್ನು ನಮ್ಮ ಸೆಂಚೂರಿಯನ್ ಟ್ಯಾಂಕ್‌ಗಳೂ ಜೀಪಿನ ಮೇಲಿನ ಗನ್ನಿನಿಂದ ನಮ್ಮ ಸೈನಿಕ ಅಬ್ದುಲ್ ಹಮೀದರೂ ತಡೆದ ಕಬ್ಬಿನ ಗದ್ದೆಗಳು. ಎಂ47 ಪ್ಯಾಟನ್ ಇಟಲೆರಿಯದೂ ಇದೆ, ಟಾಕೋಮ್‌ನದೂ ಇದೆ. ಮೊದಲ ಟ್ಯಾಂಕ್ ಕಟ್ಟುವವರಿಗೆ ಇಟಲೆರಿ ಸಾಕು. ಉಬ್ಬುತಗ್ಗುಗಳ ನಿಖರತೆ ಬೇಕಿದ್ದರೆ ಟಾಕೋಮ್. ಸೆಂಚೂರಿಯನ್‌ಗೆ ತಮಿಯಾದ ಹಳೆಯ ಮಾರ್ಕ್ 3 ಸುಲಭ, ಆದರೆ ನಮ್ಮವು ಅದಕ್ಕಿಂತ ನಂತರದ ಮಾದರಿಗಳು. ತೈವಾನಿನ ಎಎಫ್‌ವಿ ಕ್ಲಬ್‌ನ ಮಾರ್ಕ್ 5 ಅದಕ್ಕೆ ಹೆಚ್ಚು ಹತ್ತಿರ. ಭಾಗಗಳು ಸಣ್ಣವು, ತಾಳ್ಮೆ ಬೇಡುತ್ತದೆ. ನಾನಾದರೆ ಅದನ್ನೇ ಆರಿಸುತ್ತೇನೆ, ಪಕ್ಕದಲ್ಲಿ ನಿಲ್ಲಿಸಲು ಟಾಕೋಮ್‌ನ ಪ್ಯಾಟನ್.