ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು: ಎಪ್ಪತ್ತು ವರ್ಷಗಳ ಹುಡುಕಾಟ

ನನ್ನ ಅಜ್ಜಿಯ ಕವಳದ ಬಟ್ಟಲಲ್ಲಿ ವೀಳ್ಯದೆಲೆ, ಅಡಕತ್ತರಿಯಲ್ಲಿ ತೆಳ್ಳಗೆ ಸೀಳಿದ ಅಡಿಕೆ, ಸುಣ್ಣದ ಡಬ್ಬಿ, ಹೊಗೆಸೊಪ್ಪಿನ ತುಂಡು ಸದಾ ಇರುತ್ತಿದ್ದವು. ಎಲೆಯ ಬೆನ್ನಿಗೆ ಸುಣ್ಣ ಸವರಿ, ಉಳಿದದ್ದನ್ನೆಲ್ಲ ಮಡಿಸಿ ದವಡೆಗೆ ಒತ್ತಿಕೊಂಡರೆ ಗಂಟೆಗಟ್ಟಲೆ ಅಲ್ಲೇ. ಬಾಯಿ ಕ್ಯಾನ್ಸರಿನ ಕಾರಣ ಹುಡುಕಿದವರನ್ನು ಕಾಡಿದ್ದು ಈ ಮಡಿಕೆಯೇ. ನಾಲ್ಕೂ ಒಟ್ಟಿಗೆ ಬಾಯಿಗೆ ಹೋಗುವಾಗ ಯಾವುದನ್ನು ದೂರುವುದು?

ಮೊದಲ ಅನುಮಾನ ಹೊಗೆಸೊಪ್ಪಿನ ಮೇಲೆ ಬಿತ್ತು. ತಿರುವಾಂಕೂರಿನ ನೆಯ್ಯೂರಿನಲ್ಲಿ ವೈದ್ಯರಾಗಿದ್ದ ಓರ್, ಎಲೆಅಡಿಕೆ ಹಾಕುವವರ ಬಾಯಿ ಕ್ಯಾನ್ಸರ್ ಕುರಿತು 1933ರಲ್ಲೇ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ಆದರೆ ಆಸ್ಪತ್ರೆಯಲ್ಲಿ ಕಾಣುವುದು ಆಸ್ಪತ್ರೆಗೆ ಬಂದವರು ಮಾತ್ರ. 1966ರಿಂದ ಡಾ. ಫಾಲಿ ಮೆಹ್ತಾ ಮತ್ತು ಡೆನ್ಮಾರ್ಕಿನ ಪಿಂಡ್‌ಬೋರ್ಗ್ ಅವರ ತಂಡ ಹಳ್ಳಿಗಳಿಗೇ ಹೋಯಿತು. ಎರ್ನಾಕುಲಂ, ಶ್ರೀಕಾಕುಳಂ, ಭಾವನಗರ ಸೇರಿದಂತೆ ಐದು ಜಿಲ್ಲೆಗಳಲ್ಲಿ ಮನೆಮನೆ ಸುತ್ತಿ 50 ಸಾವಿರಕ್ಕೂ ಹೆಚ್ಚು ಜನರ ಬಾಯಿ ನೋಡಿತು. ಶ್ರೀಕಾಕುಳಂನ ಹೆಂಗಸರು ಉರಿಯುವ ತುದಿಯನ್ನೇ ಬಾಯೊಳಗಿಟ್ಟು ಚುಟ್ಟಾ ಸೇದುತ್ತಿದ್ದರು; ಅವರಲ್ಲಿ ರೋಗ ಕಂಡದ್ದು ಅಂಗುಳಿನಲ್ಲಿ. ಕವಳ ಒತ್ತರಿಸಿಕೊಳ್ಳುವವರಲ್ಲಿ ಅದು ಕೆನ್ನೆಯ ಒಳಬದಿಯಲ್ಲಿ. ಚಟ ತಾಗಿದ ಜಾಗದಲ್ಲೇ ಗಾಯ! ಇದಕ್ಕಿಂತ ನೇರವಾದ ಸಾಕ್ಷಿ ಬೇಕೇ ಎಂದು ನನಗನ್ನಿಸುತ್ತದೆ.

ನಮ್ಮ ಬೆಂಗಳೂರಿನ ಪಾಲೂ ಇದರಲ್ಲಿದೆ. ಇಲ್ಲಿನ ಕ್ಯಾನ್ಸರ್ ನೋಂದಣಿಯ ಆಧಾರದಲ್ಲಿ 348 ರೋಗಿಗಳನ್ನು, ಅದೇ ಬಡಾವಣೆಯ, ಅದೇ ವಯಸ್ಸಿನ ಅಷ್ಟೇ ಮಂದಿ ಆರೋಗ್ಯವಂತರೊಂದಿಗೆ ಹೋಲಿಸಿದ ಅಧ್ಯಯನ 1990ರಲ್ಲಿ ಪ್ರಕಟವಾಯಿತು. ಹೊಗೆಸೊಪ್ಪು ಬೆರೆಸಿ ಎಲೆಅಡಿಕೆ ಹಾಕುವ ಹೆಂಗಸರಿಗೆ, ಹಾಕದವರಿಗಿಂತ ಅಪಾಯ ಸುಮಾರು 25 ಪಟ್ಟು. ಅದೇ ಅಧ್ಯಯನದಲ್ಲಿ ಇನ್ನೊಂದು ನಂಟೂ ಕಂಡಿತ್ತು: ರಾಗಿ ಉಣ್ಣುವವರಲ್ಲಿ ಬಾಯಿ ಕ್ಯಾನ್ಸರ್ ಹೆಚ್ಚು! ಮುದ್ದೆ ಉಂಡು ಬೆಳೆದವರು ಬೆಚ್ಚಬೇಕಾಗಿಲ್ಲ. ಒಂದು ಅಧ್ಯಯನದಲ್ಲಿ ಕಂಡ ನಂಟು ಕಾರಣವಾಗಿಬಿಡುವುದಿಲ್ಲ. ಬಡತನ, ತರಕಾರಿ ಇಲ್ಲದ ಊಟ, ದುಡಿಮೆಯ ನಡುವಿನ ಕವಳ ಇವೆಲ್ಲ ಒಂದೇ ಮನೆಯಲ್ಲಿರಬಹುದು. ಕ್ಯಾನ್ಸರ್ ತರುವ ವಸ್ತುಗಳ ಅಂತರರಾಷ್ಟ್ರೀಯ ಪಟ್ಟಿಗೆ ರಾಗಿ ಸೇರಲೇ ಇಲ್ಲ.

ಅಡಿಕೆ ಸೇರಿತು, ತಡವಾಗಿ. 1985ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೊಗೆಸೊಪ್ಪಿನ ಕವಳವನ್ನು ಕ್ಯಾನ್ಸರ್‌ಕಾರಕ ಎಂದಿತು. ಹೊಗೆಸೊಪ್ಪಿಲ್ಲದ ಕವಳದ ಬಗ್ಗೆ ಪುರಾವೆ ಸಾಲದು ಎಂದಿತು. ಭಾರತದಲ್ಲಿ ಎರಡನ್ನೂ ಬೇರ್ಪಡಿಸುವುದು ಕಷ್ಟವಾಗಿತ್ತು. ಬೇರ್ಪಟ್ಟದ್ದು ತೈವಾನಿನಲ್ಲಿ. ಅಲ್ಲಿಯವರು ಹೊಗೆಸೊಪ್ಪಿಲ್ಲದೆ ಅಡಿಕೆ ಜಗಿಯುತ್ತಾರೆ, ಆದರೂ ಕ್ಯಾನ್ಸರ್ ಬರುತ್ತಿತ್ತು. ಇನ್ನೊಂದು ಸುಳಿವು 1952ರಿಂದಲೇ ಕಣ್ಣೆದುರಿತ್ತು. ಕೀನ್ಯಾದಲ್ಲಿದ್ದ ಐವರು ಭಾರತೀಯ ಹೆಂಗಸರ ಬಾಯಿಯೊಳಗಿನ ಪೊರೆ ಬಿಳಿಚಿ, ಬಿಗಿದು ಹೋದದ್ದನ್ನು ಷ್ವಾರ್ಟ್ಸ್ ಎಂಬ ವೈದ್ಯರು ದಾಖಲಿಸಿ, ‘ಕಾರಣ ತಿಳಿಯದ ಕಾಯಿಲೆ’ ಎಂಬ ಅರ್ಥದ ಹೆಸರಿಟ್ಟಿದ್ದರು. ಕಾರಣ ಅಡಿಕೆ ಎಂದು ಆಮೇಲೆ ತಿಳಿಯಿತು. ಈ ರೋಗಿಗೆ ಸಾರಿನ ಖಾರ ತಾಗಿದರೆ ಉರಿ. ಬರಬರುತ್ತ ಹಲ್ಲುಗಳ ನಡುವೆ ಮೂರು ಬೆರಳು ತೂರುವುದಿಲ್ಲ, ಮತ್ತೆ ಎರಡೂ ಇಲ್ಲ. ಕೆಲವರಲ್ಲಿ ಅದೇ ಮುಂದೆ ಕ್ಯಾನ್ಸರ್ ಆಗುತ್ತದೆ. 2004ರಲ್ಲಿ ಪ್ರಕಟವಾದ ವರದಿಯಲ್ಲಿ ಅದೇ ಸಂಸ್ಥೆ ಅಡಿಕೆಯನ್ನೇ ಮೊದಲ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವೆನಿಸಿದ ವಸ್ತುಗಳ ಸಾಲಿಗೆ, ಸೇರಿಸಿತು. ಆ ಗುಂಪು ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನು, ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಮಲೆನಾಡಿನ ಅಡಿಕೆ ಬೆಳೆಗಾರರೊಡನೆ ಮಾತಾಡುವಾಗ ಈ ವ್ಯತ್ಯಾಸವನ್ನು ಬಿಡಿಸಿ ಹೇಳಲೇಬೇಕು; ಅವರ ಬದುಕು ಅದರ ಮೇಲೆ ನಿಂತಿದೆ.

ಅಷ್ಟರಲ್ಲಿ ಅಡಿಕೆ ಮತ್ತು ತಂಬಾಕು ಬೆರೆತ ಗುಟ್ಕಾ ಪೊಟ್ಟಣ ಶಾಲೆ ಬಿಟ್ಟ ಹುಡುಗರ ಜೇಬು ಸೇರಿತ್ತು. ಅಜ್ಜಿಯ ವಯಸ್ಸಿನವರಲ್ಲಿ ಕಾಣುತ್ತಿದ್ದ ಬಿಗಿದ ಬಾಯಿ ಇಪ್ಪತ್ತರ ಹರೆಯದಲ್ಲೇ ಕಾಣತೊಡಗಿತು. 2013ರಲ್ಲಿ ಕರ್ನಾಟಕ ಗುಟ್ಕಾ ನಿಷೇಧಿಸಿತು. ಆಮೇಲೆ ಅಂಗಡಿಗಳಲ್ಲಿ ಪಾನ್ ಮಸಾಲದ ಪೊಟ್ಟಣ ಒಂದು, ತಂಬಾಕಿನ ಪೊಟ್ಟಣ ಇನ್ನೊಂದು ಜೋಡಿಯಾಗಿ ತೂಗತೊಡಗಿದವು. ಕೊಂಡವರು ಅಂಗೈಯಲ್ಲಿ ಬೆರೆಸಿಕೊಳ್ಳುತ್ತಾರೆ.