ದೀಪಸ್ತಂಭಕ್ಕೆ ಗ್ಯಾಸ್ ಬಂದಿದ್ದು, ಹೋಗಿದ್ದು

ದೀಪಸ್ತಂಭಗಳ ಗ್ಯಾಸ್ ದೀಪದ ಮಾತು ಬಂದರೆ ಎರಡು ವಾದ ಕೇಳಿಬರುತ್ತವೆ. ಎಣ್ಣೆ ದೀಪದ ಎದುರು ಗ್ಯಾಸ್ ಸೋತುಹೋಯಿತು ಅನ್ನುವುದು ಒಂದು. ಲೈಟ್‌ಹೌಸ್ ಕಾಯುತ್ತಿದ್ದವರ ಅನ್ನ ಕಿತ್ತುಕೊಂಡಿದ್ದೇ ಗ್ಯಾಸ್ ಅನ್ನುವುದು ಇನ್ನೊಂದು. ಸೋತುಹೋದ ದೀಪ ಅಷ್ಟೊಂದು ಜನರ ಕೆಲಸ ಹೇಗೆ ಕಿತ್ತುಕೊಂಡೀತು? ಇಲ್ಲಿ ಎರಡು ಬೇರೆ ಕಥೆಗಳು ಗಂಟು ಬಿದ್ದಿವೆ. ಕಲ್ಲಿದ್ದಲಿನಿಂದ ತೆಗೆದ ಗ್ಯಾಸ್‌ನದು ಒಂದು ಕಥೆ, ಕಾರ್ಬೈಡ್‌ನಿಂದ ಬರುವ ಅಸಿಟಿಲೀನ್ ಗ್ಯಾಸ್‌ನದು ಮತ್ತೊಂದು. ನಡುವೆ ಸೀಮೆಎಣ್ಣೆ ಬಂದು ಹೋಗುತ್ತದೆ.

ಮೊದಲನೆಯದು ಶುರುವಾಗಿದ್ದು 1818ರಲ್ಲಿ. ಏಡ್ರಿಯಾಟಿಕ್ ಸಮುದ್ರದ ದಡದ ಸಾವುದ್ರಿಯಾದಲ್ಲಿ, ಅಂದರೆ ಇಂದಿನ ಕ್ರೊಯೇಷಿಯಾದಲ್ಲಿ, ಕಲ್ಲಿದ್ದಲು ಗ್ಯಾಸ್‌ನಿಂದ ದೀಪಸ್ತಂಭ ಬೆಳಗಿಸಿದರು. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ, ಈರಿ ಸರೋವರದ ದಂಡೆಯ ಬಾರ್ಸಿಲೋನಾ ಅನ್ನುವ ಊರಲ್ಲಿ, ನೆಲದಿಂದ ತಾನಾಗಿ ಹೊರಡುತ್ತಿದ್ದ ಗ್ಯಾಸನ್ನೇ ಮರದ ಕೊಳವೆಗಳಲ್ಲಿ ಹರಿಸಿ 1830ರ ಹೊತ್ತಿಗೆ ದೀಪ ಉರಿಸಿದರು. 1838ರಲ್ಲಿ ಆ ಗ್ಯಾಸ್ ಬತ್ತಿತು, ದೀಪ ಮತ್ತೆ ಎಣ್ಣೆಗೆ ಮರಳಿತು. ಇವೆರಡೂ ಬಿಡಿ ಪ್ರಯೋಗಗಳು. ಹಟ ಹಿಡಿದು ಗ್ಯಾಸನ್ನು ದೀಪಸ್ತಂಭಕ್ಕೆ ಒಗ್ಗಿಸಿದ್ದು ಐರ್ಲೆಂಡ್.

ಅದರ ಹಿಂದೆ ಇದ್ದವರು ಜಾನ್ ರಿಚರ್ಡ್‌ಸನ್ ವಿಗಮ್. ಹುಟ್ಟಿದ್ದು ಎಡಿನ್‌ಬರೋದಲ್ಲಿ, ಬದುಕು ಕಟ್ಟಿಕೊಂಡಿದ್ದು ಡಬ್ಲಿನ್‌ನಲ್ಲಿ. 1865ರಲ್ಲಿ ಡಬ್ಲಿನ್ ಕೊಲ್ಲಿಯ ಉತ್ತರಕ್ಕಿರುವ ಬೇಯ್ಲಿ ದೀಪಸ್ತಂಭಕ್ಕೆ ಅವರ ಗ್ಯಾಸ್ ಬರ್ನರ್ ಕೂರಿಸಿದರು. ಕ್ರೋಕಸ್ ಹೂವಿನ ಆಕಾರದ ಜ್ವಾಲೆ, ಹಾಗಾಗಿ ಅದಕ್ಕೆ ಅದೇ ಹೆಸರು. ಅದರ ಜಾಣ್ಮೆ ಇದ್ದದ್ದು ಜೋಡಣೆಯಲ್ಲಿ. ರಾತ್ರಿ ಆಕಾಶ ತಿಳಿಯಾಗಿದ್ದರೆ 28 ಜೆಟ್, ಅಂದರೆ ಗ್ಯಾಸ್ ಹೊರಬಂದು ಉರಿಯುವ ತೂತು, ಸಾಕು. ಮಂಜು ಕವಿದರೆ ಹೊರಸುತ್ತಿನ ಜೆಟ್‌ಗಳನ್ನು ಸೇರಿಸುತ್ತಾ 48, 68, 88, ಕೊನೆಗೆ 108ರವರೆಗೆ ಏರಿಸಬಹುದು. ಎಣ್ಣೆಯ ಬತ್ತಿಯಲ್ಲಿ ಬೇಕೆಂದಾಗ ಬೆಳಕನ್ನು ಇಷ್ಟು ಪಟ್ಟು ಹೆಚ್ಚಿಸಲು ಆಗುತ್ತಿರಲಿಲ್ಲ. ಹಡಗಿನವರಿಗೆ ದೀಪ ಜಾಸ್ತಿ ಬೇಕಾಗುವುದು ಮಂಜಿನ ರಾತ್ರಿಯಲ್ಲೇ ಅಲ್ವಾ?

ಇದಕ್ಕಿಂತ ದೊಡ್ಡ ಹೆಜ್ಜೆ ಇಟ್ಟಿದ್ದು 1870ರ ಆಸುಪಾಸಿನಲ್ಲಿ, ಐರ್ಲೆಂಡ್‌ನದೇ ವಿಕ್ಲೋ ಹೆಡ್ ದೀಪಸ್ತಂಭದಲ್ಲಿ. ಅಲ್ಲಿ ಗಡಿಯಾರದ ಯಂತ್ರವೊಂದು ಗ್ಯಾಸನ್ನು ಆಗಾಗ ತಡೆದು ಬಿಡುತ್ತಿತ್ತು. ದೀಪ ಹತ್ತುತ್ತಿತ್ತು, ಆರುತ್ತಿತ್ತು. ಕೇಳಲು ಸಣ್ಣ ವಿಷಯ ಅನ್ನಿಸಬಹುದು. ಆದರೆ ಒಂದೊಂದು ದೀಪಕ್ಕೂ ತನ್ನದೇ ಮಿಣುಕಿನ ಲೆಕ್ಕ ಇದ್ದರೆ ಮಾತ್ರ ಕತ್ತಲಲ್ಲಿ ನಾವಿಕನಿಗೆ ಇದು ಯಾವ ದೀಪ, ತಾನು ಎಲ್ಲಿದ್ದೇನೆ ಅಂತ ಗೊತ್ತಾಗುವುದು. ಎಣ್ಣೆ ದೀಪವನ್ನು ಕ್ಷಣಕ್ಕೊಮ್ಮೆ ಆರಿಸಿ ಹೊತ್ತಿಸಲು ಬರುವುದಿಲ್ಲ. ಅದಕ್ಕೇ ಮಿಣುಕು ಬೇಕಾದ ಕಡೆ ಹೆಚ್ಚಾಗಿ ಟನ್‌ಗಟ್ಟಲೆ ತೂಕದ ಗಾಜಿನ ಲೆನ್ಸನ್ನೇ ದೀಪದ ಸುತ್ತ ತಿರುಗಿಸಬೇಕಿತ್ತು, ಅದನ್ನು ತಿರುಗಿಸುವ ಯಂತ್ರದ ತೂಕದ ಗುಂಡನ್ನು ಕೀಪರ್‌ಗಳು ರಾತ್ರಿಯಿಡೀ ಮತ್ತೆ ಮತ್ತೆ ಮೇಲೆತ್ತಬೇಕಿತ್ತು. ಗ್ಯಾಸ್‌ಗೆ ಒಂದು ವಾಲ್ವ್ ಸಾಕು. ನನ್ನ ಪ್ರಕಾರ ಗ್ಯಾಸ್‌ನ ನಿಜವಾದ ಶಕ್ತಿ ಇದ್ದದ್ದು ಇಲ್ಲೇ. ಎಷ್ಟು ಜೋರಾಗಿ ಉರಿಯುತ್ತದೆ ಅನ್ನುವುದು ಆಮೇಲಿನ ಮಾತು.

ಆದರೆ ಮುಂದಿನ ಜಗಳವೆಲ್ಲ ನಡೆದದ್ದು ಬೆಳಕು ಎಷ್ಟು, ಖರ್ಚು ಎಷ್ಟು ಅನ್ನುವುದರ ಮೇಲೆ. 1871ರಲ್ಲಿ ಐರ್ಲೆಂಡ್‌ನ ಹುಕ್ ಹೆಡ್ ದೀಪಸ್ತಂಭಕ್ಕೆ ಗ್ಯಾಸ್ ಬಂತು. 1878ರಲ್ಲಿ ಕಾರ್ಕ್ ಕಡಲತೀರದ ಗ್ಯಾಲಿ ಹೆಡ್‌ನಲ್ಲಿ ಬರ್ನರ್‌ಗಳನ್ನು ಒಂದರ ಮೇಲೊಂದು 4 ಹಂತದಲ್ಲಿ ಕೂರಿಸಿದರು. ಪ್ರತಿ ಕಡೆಯೂ ದೀಪದ ಪಕ್ಕದಲ್ಲೇ ಗ್ಯಾಸ್ ತಯಾರಿಸುವ ಸಣ್ಣ ಕಾರ್ಖಾನೆ ಕಟ್ಟಬೇಕಿತ್ತು, ಕಲ್ಲಿದ್ದಲು ತಂದು ಹಾಕಬೇಕಿತ್ತು, ಅದನ್ನು ಕಾಯಿಸಲು ಜನ ಬೇಕಿತ್ತು. ದುಡ್ಡು ಕೊಡುತ್ತಿದ್ದ ಲಂಡನ್‌ನ ಬೋರ್ಡ್ ಆಫ್ ಟ್ರೇಡ್‌ಗೆ, ಅಂದರೆ ಸರ್ಕಾರದ ವ್ಯಾಪಾರ ಇಲಾಖೆಗೆ, ಈ ಖರ್ಚು ಕಣ್ಣಿಗೆ ಚುಚ್ಚುತ್ತಿತ್ತು. ಅದು ನ್ಯಾಯವಾದ ಪ್ರಶ್ನೆಯೇ. ಸಮುದ್ರದ ನಡುವಿನ ಒಂಟಿ ಬಂಡೆಯ ಮೇಲೆ ಗ್ಯಾಸ್ ಕಾರ್ಖಾನೆ ಕಟ್ಟುವುದಾದರೂ ಎಲ್ಲಿ?

ನ್ಯಾಯ ಅನ್ನಿಸದೇ ಇರುವುದು ತೀರ್ಪು ಬಂದ ದಾರಿ. ದೀಪಗಳ ಗುಣ ಅಳೆಯುವ ಹೊಣೆ ಹೊತ್ತ ಸಂಸ್ಥೆಯ ಎಂಜಿನಿಯರ್ ಸ್ವತಃ ಬರ್ನರ್ ವಿನ್ಯಾಸ ಮಾಡುತ್ತಿದ್ದರು. ಅಂದರೆ ಅಳೆಯುವ ಕಡೆಯೂ, ಸ್ಪರ್ಧಿಸುವ ಕಡೆಯೂ ಬೇರೆ ಬೇರೆ ಆಗಿರಲಿಲ್ಲ. ದೀಪಸ್ತಂಭಗಳ ವಿಷಯದಲ್ಲಿ ಸರ್ಕಾರಕ್ಕೆ ವೈಜ್ಞಾನಿಕ ಸಲಹೆಗಾರರಾಗಿದ್ದ, ಐರ್ಲೆಂಡ್‌ನಲ್ಲೇ ಹುಟ್ಟಿದ ಭೌತವಿಜ್ಞಾನಿ ಜಾನ್ ಟಿಂಡಲ್, ವಿಗಮ್ ಅವರನ್ನು ನಡೆಸಿಕೊಂಡ ರೀತಿ ಸರಿಯಿಲ್ಲ ಅಂತ 1883ರಲ್ಲಿ ಆ ಹುದ್ದೆಯನ್ನೇ ಬಿಟ್ಟರು. ಅದಾದ ಮೇಲೆ 1884-85ರಲ್ಲಿ ಇಂಗ್ಲೆಂಡಿನ ಸೌತ್ ಫೋರ್‌ಲ್ಯಾಂಡ್‌ನಲ್ಲಿ ವಿದ್ಯುತ್, ಗ್ಯಾಸ್, ಎಣ್ಣೆ ಮೂರನ್ನೂ ಎದುರುಬದುರು ಉರಿಸಿ ನೋಡಿದರು. ಬೆಳಕಿನಲ್ಲಿ ವಿದ್ಯುತ್ ಮೇಲು, ಖರ್ಚಿನಲ್ಲಿ ಖನಿಜ ಎಣ್ಣೆ ಮೇಲು ಅನ್ನುವ ತೀರ್ಮಾನ ಬಂತು. ಗ್ಯಾಸ್ ಎರಡರ ನಡುವೆ ಸಿಕ್ಕಿಕೊಂಡಿತು. ಲೆಕ್ಕ ಸರಿಯೇ ಇದ್ದಿರಬಹುದು. ಆದರೂ ಇಂಥ ಪರೀಕ್ಷೆಯನ್ನು ಬರ್ನರ್ ಮಾಡದವರ ಕೈಗೆ ಪೂರ್ತಿ ಒಪ್ಪಿಸಿದ್ದರೆ ಇಷ್ಟು ಕಹಿ ಉಳಿಯುತ್ತಿರಲಿಲ್ಲ. ವಿಗಮ್ ಬಿರುದು-ಬಾವಲಿ ಒಲ್ಲದ ಕ್ವೇಕರ್ ಅನ್ನುವ ಕ್ರೈಸ್ತ ಪಂಥದವರು. 1887ರಲ್ಲಿ ಬಂದ ನೈಟ್ ಪದವಿಯನ್ನು ಬೇಡ ಅಂದರು.

ಕಲ್ಲಿದ್ದಲು ಗ್ಯಾಸ್ ಐರ್ಲೆಂಡ್‌ನಲ್ಲಿ ಇನ್ನೂ ಕೆಲವು ದಶಕ ಉರಿಯಿತು. ಅದನ್ನು ಕೊನೆಗೆ ಹಿಂದೆ ಹಾಕಿದ್ದು ಸೀಮೆಎಣ್ಣೆಯನ್ನು ಆವಿ ಮಾಡಿ ಮ್ಯಾಂಟಲ್, ಅಂದರೆ ಕಾದಾಗ ಬೆಳ್ಳಗೆ ಹೊಳೆಯುವ ಬಲೆಚೀಲ, ಅದರೊಳಗೆ ಉರಿಸುವ ಬರ್ನರ್. 1901ರ ಹೊತ್ತಿಗೆ ಅದು ಬಂತು. ನಮ್ಮಲ್ಲಿ ಯಕ್ಷಗಾನದ ರಂಗಸ್ಥಳಕ್ಕೆ, ಮದುವೆ ಮೆರವಣಿಗೆಗೆ ಬೆಳಕು ಕೊಟ್ಟ ಗ್ಯಾಸ್‌ಲೈಟ್ ಕೂಡ ಇದೇ ತತ್ವದ್ದು, ಅದರೊಳಗೆ ಇದ್ದದ್ದು ಸೀಮೆಎಣ್ಣೆಯೇ. ಮ್ಯಾಂಟಲ್‌ಗೆ ಥೋರಿಯಂ ಅನ್ನುವ ಲೋಹ ಬೇಕಿತ್ತು. 1909ರಲ್ಲಿ ತಿರುವಾಂಕೂರಿನ ಕಡಲ ಮರಳಿನಲ್ಲಿ ಮೊನಜೈಟ್ ಅನ್ನುವ ಖನಿಜ ಪತ್ತೆಯಾದಾಗ ಯುರೋಪಿನವರು ಮುಗಿಬಿದ್ದಿದ್ದು ಇದೇ ಥೋರಿಯಂ ಆಸೆಗೆ. 1911ರಲ್ಲಿ ಹುಕ್ ಹೆಡ್ ಕೂಡ ಸೀಮೆಎಣ್ಣೆಗೆ ತಿರುಗಿತು.

ಎರಡನೇ ಕಥೆ ಸ್ವೀಡನ್‌ನದು. ಕ್ಯಾಲ್ಸಿಯಂ ಕಾರ್ಬೈಡ್‌ಗೆ ನೀರು ಬಿದ್ದರೆ ಅಸಿಟಿಲೀನ್ ಬರುತ್ತದೆ. ಮಾವಿನಕಾಯಿಯನ್ನು ಕದ್ದುಮುಚ್ಚಿ ಹಣ್ಣು ಮಾಡಲು ಬಳಸುತ್ತಾರಲ್ಲ, ಅದೇ ಕಾರ್ಬೈಡ್. 1890ರ ದಶಕದಲ್ಲಿ ಅದನ್ನು ಕಡಿಮೆ ಖರ್ಚಿನಲ್ಲಿ ತಯಾರಿಸುವ ದಾರಿ ಸಿಕ್ಕಿತು. ಅಸಿಟಿಲೀನ್ ಬೆಳಕು ಬೆಳ್ಳಗೆ, ಪ್ರಖರವಾಗಿ ಇರುತ್ತದೆ. ತೊಂದರೆ ಅಂದರೆ, ಒತ್ತಿ ತುಂಬಿದರೆ ಸಿಡಿಯುತ್ತದೆ. ಅದನ್ನು ಅಸಿಟೋನ್‌ನಲ್ಲಿ ಕರಗಿಸಿಡಬಹುದು ಅಂತ ಫ್ರಾನ್ಸ್‌ನವರು ಕಂಡುಕೊಂಡರು. ಅದನ್ನು ಹೀರಿಕೊಂಡು, ಅಲುಗಾಟಕ್ಕೂ ಕುಸಿಯದ ಸೂಕ್ಷ್ಮ ರಂಧ್ರಗಳ ತುಂಬುವಸ್ತುವನ್ನು ಸಿಲಿಂಡರಿಗೆ ಹೊಂದಿಸಿದವರು ಸ್ವೀಡನ್‌ನ ಎಂಜಿನಿಯರ್ ಗುಸ್ತಾಫ್ ಡಾಲೆನ್. ಇಂದಿಗೂ ವೆಲ್ಡಿಂಗ್ ಅಂಗಡಿಯ ಅಸಿಟಿಲೀನ್ ಸಿಲಿಂಡರ್ ಇದೇ ತತ್ವದ ಮೇಲೆ ನಿಂತಿದೆ.

ಇಷ್ಟಾದರೆ ಗ್ಯಾಸ್ ಕಾರ್ಖಾನೆಯ ತಲೆನೋವು ತಪ್ಪಿತು. ಸಿಲಿಂಡರ್ ಇಳಿಸಿ ಬಂದರೆ ಆಯಿತು. ಇನ್ನು ಅದು ತಿಂಗಳುಗಟ್ಟಲೆ ಬಾಳಬೇಕು. ಅದಕ್ಕೆ ಡಾಲೆನ್ ವಿಕ್ಲೋ ಹೆಡ್‌ನ ಉಪಾಯವನ್ನೇ ಇನ್ನೂ ಮುಂದಕ್ಕೆ ಒಯ್ದರು. 1905ರ ಹೊತ್ತಿಗೆ ಬಂದ ಅವರ ಫ್ಲಾಷರ್‌ನಲ್ಲಿ ಗಡಿಯಾರವೂ ಇಲ್ಲ. ಪುಟ್ಟ ಕೋಣೆಯೊಳಗೆ ಗ್ಯಾಸ್ ಒತ್ತಡ ಏರಿ ತೊಗಲಿನ ಪೊರೆಯನ್ನು ತಳ್ಳುತ್ತದೆ, ವಾಲ್ವ್ ತೆರೆಯುತ್ತದೆ, ಗ್ಯಾಸ್ ಹೊರಬಿದ್ದು ಸಣ್ಣ ಕಾಯಂ ಜ್ವಾಲೆಯಿಂದ ಹೊತ್ತಿಕೊಳ್ಳುತ್ತದೆ, ಒತ್ತಡ ಇಳಿದು ವಾಲ್ವ್ ಮುಚ್ಚುತ್ತದೆ. ಸುಮ್ನೆ ಉರಿಯುತ್ತಿದ್ದ ಗ್ಯಾಸ್‌ನಲ್ಲಿ ಬಹುಪಾಲು ಹೀಗೆ ಉಳಿಯಿತು.

1907ರಲ್ಲಿ ಸನ್ ವಾಲ್ವ್ ಬಂತು. ನಡುವೆ ಒಂದು ಕಪ್ಪು ಸರಳು, ಸುತ್ತ ಹೊಳಪಿನ 3 ಸರಳು. ಬಿಸಿಲು ಬಿದ್ದರೆ ಕಪ್ಪು ಸರಳು ಬೆಳಕನ್ನು ಹೀರಿ ಉಳಿದವಕ್ಕಿಂತ ಹೆಚ್ಚು ಹಿಗ್ಗಿ ಗ್ಯಾಸನ್ನು ಮುಚ್ಚುತ್ತದೆ. ಕತ್ತಲಾದರೆ ಕುಗ್ಗಿ ಗ್ಯಾಸನ್ನು ಮತ್ತೆ ಹರಿಯಬಿಡುತ್ತದೆ. ಹವೆ ಬಿಸಿಯಾದರೆ ಎಲ್ಲವೂ ಒಟ್ಟಿಗೆ ಹಿಗ್ಗುವುದರಿಂದ ಬರೀ ಸೆಕೆಗೆ ಅದು ಮೋಸ ಹೋಗುವುದಿಲ್ಲ. ಸ್ಟಾಕ್‌ಹೋಮ್ ಬಳಿಯ ಬ್ಲಾಕ್‌ಹುಸುದ್ದೆನ್ ದೀಪದಲ್ಲಿ 1912ರಿಂದ 1980ರವರೆಗೆ ಸನ್ ವಾಲ್ವ್ ಕೆಲಸ ಮಾಡಿತು.

1912ರ ಸೆಪ್ಟೆಂಬರ್‌ನಲ್ಲಿ ಸಿಲಿಂಡರ್ ಪರೀಕ್ಷೆಯ ವೇಳೆ ಸ್ಫೋಟವಾಗಿ ಡಾಲೆನ್ ಎರಡೂ ಕಣ್ಣು ಕಳೆದುಕೊಂಡರು. ಅದೇ ವರ್ಷ ಭೌತವಿಜ್ಞಾನದ ನೊಬೆಲ್ ಅವರಿಗೆ ಬಂತು. ಸಮಾರಂಭದಲ್ಲಿ ಪ್ರಶಸ್ತಿ ಸ್ವೀಕರಿಸಿದ್ದು ಕಣ್ಣಿನ ವೈದ್ಯರಾಗಿದ್ದ ಅವರ ಅಣ್ಣ-ತಮ್ಮಂದಿರಲ್ಲೊಬ್ಬರಾದ ಆಲ್ಬಿನ್. 1937ರಲ್ಲಿ ಸಾಯುವವರೆಗೂ ಡಾಲೆನ್ ಈ ದೀಪಗಳನ್ನು ತಯಾರಿಸುತ್ತಿದ್ದ ತಮ್ಮ ಕಂಪನಿ ನಡೆಸಿದರು.

ಈಗ ಕೆಲಸ ಕಳೆದುಕೊಂಡವರ ಪ್ರಶ್ನೆ. ಸನ್ ವಾಲ್ವ್‌ನಿಂದ ಕೆಲವು ಕಡೆ ಕೀಪರ್ ಹುದ್ದೆ ಹೋಗಿದ್ದು ನಿಜ, ಆ ಕುಟುಂಬಗಳ ಕಷ್ಟ ಸಣ್ಣದಲ್ಲ. ಆದರೆ ಅಸಿಟಿಲೀನ್ ಹೆಚ್ಚಾಗಿ ಹೋಗಿದ್ದು ಮನುಷ್ಯ ಇರಲಾಗದ ಬಂಡೆಗಳಿಗೆ, ತೇಲುವ ಬೋಯ್‌ಗಳಿಗೆ, ಅಲ್ಲಿಯವರೆಗೂ ಕತ್ತಲಲ್ಲೇ ಇದ್ದ ಜಾಗಗಳಿಗೆ. ದೊಡ್ಡ ಸ್ತಂಭಗಳಿಂದ ಜನರನ್ನು ಇಳಿಸಿದ್ದು ವಿದ್ಯುತ್ ಮತ್ತು ದೂರದಿಂದಲೇ ನಿಗಾ ಇಡುವ ಉಪಕರಣಗಳು. ವಿಗಮ್ ಗ್ಯಾಸ್ ಹೊತ್ತಿಸಿದ ಅದೇ ಬೇಯ್ಲಿಯಲ್ಲಿ ಕೀಪರ್‌ಗಳು 1997ರವರೆಗೂ ಇದ್ದರು.

ಭಾರತದ ಕರಾವಳಿಯಲ್ಲೂ ಅಸಿಟಿಲೀನ್ ಫ್ಲಾಷರ್‌ಗಳು ಬಹುಕಾಲ ಮಿಣುಕಿದವು. ಆಮೇಲೆ ಸೋಲಾರ್ ಫಲಕ, ಬ್ಯಾಟರಿ, ಎಲ್‌ಇಡಿ ಬಂದವು. ಸಿಲಿಂಡರ್ ಹೊತ್ತು ಬಂಡೆ ಹತ್ತುವ ಕೆಲಸ ನಿಂತಿತು. ಹಳೆಯ ಸಿಲಿಂಡರ್‌ಗಳ ತುಂಬುವಸ್ತುವಿನಲ್ಲಿ ಶ್ವಾಸಕೋಶಕ್ಕೆ ಕೆಡುಕಾದ ಆಸ್ಬೆಸ್ಟಾಸ್ ಇರುತ್ತಿತ್ತು. ಹಾಗಾಗಿ ಅಂಥವು ಎಲ್ಲಾದರೂ ಉಳಿದಿದ್ದರೆ ಸೀದಾ ಗುಜರಿಗೆ ಹಾಕುವ ಹಾಗಿಲ್ಲ, ಕೊರೆದು ನೋಡುವ ಹಾಗೂ ಇಲ್ಲ.